ಸೂರ್ಯ ಕೆಟ್ಟ ದಿನ ಬಿಟ್ಟ ಹಕ್ಕಿಗಳು

ಬೆಳಗ್ಗೆ ಕಾಫಿ ಲೋಟ ಕೈಗೆ ಕೊಡುವಾಗ ನಾನು ಮಗನನ್ನು ಕೇಳುತ್ತೇನೆ.

"ಇವತ್ತು ಹೆಂಗವ್ನೆ ಸೂರ್ಯ?"

ಅವನು ಮೊಬೈಲು ನೋಡಿ "ಎರಡು" ಅನ್ನುತ್ತಾನೆ. ಇಲ್ಲವೇ "ಮೂರು, ಪರವಾಗಿಲ್ಲ" ಅನ್ನುತ್ತಾನೆ. ಅಷ್ಟಕ್ಕೆ ಮಾತು ಮುಗಿಯುತ್ತದೆ. ಅವನು ಮಗ್ಗದ ಮನೆಗೆ ಹೋಗಿ ಸ್ವಿಚ್ಚು ಹಾಕುತ್ತಾನೆ, ನಾನು ಲಾಳಿಯ ಕಂಡಿಕೆಗೆ ನೂಲು ಸುತ್ತಲು ಕೂರುತ್ತೇನೆ. ಮನೆಗೆ ಬಂದ ನೆಂಟರು ಇದನ್ನು ಕೇಳಿ ನಗುತ್ತಾರೆ. ನನ್ನ ತಂಗಿಯ ಮಗಳು ಒಬ್ಬಳು, "ಯಾಕೆ ದೊಡ್ಡಮ್ಮ, ಸೂರ್ಯನಿಗೆ ಜ್ವರ ಗಿರ ಬಂದಿತ್ತಾ?" ಅಂತ ಕೇಳಿದಳು. ಬರುತ್ತದೆ. ನಾವು ಕಂಡಿದ್ದೇವೆ.

ನಾನು ಓದಿದ್ದು ನಾಲ್ಕನೇ ಕ್ಲಾಸು. ನನಗೆ ಅರ್ಥವಾದಷ್ಟನ್ನು ಬರೆಯುತ್ತೇನೆ. ಸೂರ್ಯನ ಮೈಮೇಲೆ ಕಪ್ಪು ಕಲೆಗಳು ಏಳುತ್ತವೆ. ಕೆಲವು ಕಲೆಗಳು ಸಿಡಿಯುತ್ತವೆ. ಸಿಡಿದದ್ದು ಗಾಳಿಯ ಹಾಗೆ ನಮ್ಮ ಕಡೆ ಹೊರಟರೆ ಒಂದು ದಿನಕ್ಕೋ ಮೂರು ದಿನಕ್ಕೋ ಭೂಮಿಗೆ ಬಂದು ತಾಕುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ, ಮೈಗೆ ಏನೂ ಗೊತ್ತಾಗುವುದಿಲ್ಲ. ಬಿಸಿಲು ಅದೇ ಬಿಸಿಲು. ಆದರೆ ದಿಕ್ಕು ತೋರಿಸುವ ಮುಳ್ಳು ಅಲ್ಲಾಡುತ್ತದಂತೆ. ಇದನ್ನು ಹಗಲೂ ರಾತ್ರಿ ನೋಡುತ್ತಾ ಕೂತಿರುವ ಜನ ಬೇರೆ ಬೇರೆ ದೇಶಗಳಲ್ಲಿದ್ದಾರೆ. ನಾಳೆ ಮಳೆ ಬರುತ್ತದೋ ಇಲ್ಲವೋ ಅಂತ ಹೇಳುವ ಹಾಗೆ, ನಾಳೆ ಸೂರ್ಯ ಎಷ್ಟು ಕೆಡುತ್ತಾನೆ ಅಂತ ದಿನಾ ಹೇಳುತ್ತಾರೆ. ಸೊನ್ನೆಯಿಂದ ಒಂಬತ್ತರವರೆಗೆ ಒಂದು ಅಂಕಿ. ಸಣ್ಣ ಅಂಕಿಗೆ ಹಸಿರು ಬಣ್ಣ, ದೊಡ್ಡದಕ್ಕೆ ಕೆಂಪು.

ದೊಡ್ಡಬಳ್ಳಾಪುರದಲ್ಲಿ ಸೀರೆ ನೇಯುವವರಿಗೆ ಇದು ಯಾಕೆ ಬೇಕು ಅಂದರೆ, ಪಾರಿವಾಳದ ದೆಸೆಯಿಂದ.

ನಮ್ಮ ಯಜಮಾನರು ರೇಸಿನ ಪಾರಿವಾಳ ಸಾಕುತ್ತಿದ್ದರು. ಮಗ್ಗದ ಮನೆಯ ಮೇಲೆ ತಾರಸಿ, ತಾರಸಿಯ ಮೇಲೆ ಮರದ ಗೂಡು. ನನಗೆ ಆ ಹಕ್ಕಿಗಳನ್ನು ಕಂಡರೆ ಪ್ರೀತಿ ಇರಲಿಲ್ಲ, ಈಗಲೂ ಇಲ್ಲ. ಗಲೀಜು. ಪುಕ್ಕದ ಧೂಳು ಕೆಳಗಿಳಿದು ಮಗ್ಗದ ಮೇಲೆ ಕೂರುತ್ತದೆ. ತಿಳಿ ಬಣ್ಣದ ಸೀರೆಯಾದರೆ ವ್ಯಾಪಾರಿ ಅದನ್ನು ಬೆಳಕಿಗೆ ಹಿಡಿದು ಮುಖ ಸಿಂಡರಿಸುತ್ತಾನೆ. ಯಜಮಾನರ ಕೆಮ್ಮಿಗೂ ಅದೇ ಧೂಳು ಕಾರಣ ಅಂತ ಡಾಕ್ಟರು ಹೇಳಿದರು. ಯಜಮಾನರು ಡಾಕ್ಟರನ್ನು ಬದಲಾಯಿಸಿದರು.

ಈ ಹಕ್ಕಿಗಳನ್ನು ನೂರಾರು ಮೈಲಿ ದೂರ ಕೊಂಡುಹೋಗಿ ಬಿಟ್ಟರೆ ಮನೆಗೆ ಹಾರಿ ಬರುತ್ತವೆ. ಮೊದಲು ಬಂದದ್ದು ಗೆದ್ದ ಹಾಗೆ. ಅವುಗಳ ತಲೆಯೊಳಗೂ ದಿಕ್ಕು ತೋರಿಸುವ ಮುಳ್ಳಿನಂಥದ್ದು ಏನೋ ಇದೆ, ಸೂರ್ಯ ಕೆಟ್ಟ ದಿನ ಅದೂ ಕೆಡುತ್ತದೆ ಅಂತ ಹಕ್ಕಿ ಸಾಕುವವರು ನಂಬುತ್ತಾರೆ. ಓದಿದವರಲ್ಲಿ ಕೆಲವರು ಹೌದು ಅನ್ನುತ್ತಾರಂತೆ, ಕೆಲವರು ಇಲ್ಲ ಅನ್ನುತ್ತಾರಂತೆ. ನಾನು ಯಾರ ಪರವೂ ಅಲ್ಲ. ಆದದ್ದನ್ನು ಹೇಳುತ್ತೇನೆ.

ಯಜಮಾನರು ತೀರಿಕೊಂಡ ಮೇಲೆ ಗೂಡು ತೆಗೆದುಬಿಡೋಣ ಅಂತ ನಾನು ಅಂದೆ. ಮಗ ಕೇಳಲಿಲ್ಲ. ಅವನಿಗೆ ನಲವತ್ತು ದಾಟಿದೆ, ಮಗ್ಗ ಅವನೇ ನೋಡಿಕೊಳ್ಳುತ್ತಾನೆ, ನನ್ನ ಮಾತು ಕೇಳಬೇಕಾದ ವಯಸ್ಸಲ್ಲ. ಅವರಪ್ಪ ಕೊನೆಯ ವರ್ಷ ಒಂದು ಜೋಡಿ ಕೂಡಿಸಿದ್ದರು. ಅದರಿಂದ ಹುಟ್ಟಿದ್ದು ಒಂದೇ ಹೆಣ್ಣು. ಮೈಯೆಲ್ಲ ಬೂದು, ಬಲ ರೆಕ್ಕೆಯಲ್ಲಿ ಒಂದೇ ಒಂದು ಗರಿ ಬಿಳಿ. ಮರಿಯ ತಾಯಿ ತಂದೆ ಎರಡೂ ಯಜಮಾನರ ಹಿಂದೆಯೇ ಸತ್ತವು, ಏನೋ ಕಾಯಿಲೆ. ಮೂವತ್ತು ವರ್ಷ ಅವರು ಸಾಕಿ ಬೆಳೆಸಿದ ತಳಿಯಲ್ಲಿ ಉಳಿದದ್ದು ಆ ಬಿಳಿಗರಿಯ ಹೆಣ್ಣು ಒಂದೇ, ಗೂಡಿನ ಮಿಕ್ಕವು ಹೊರಗಿನಿಂದ ತಂದವು. ಮಗ ಅದಕ್ಕೆ ಬೇರೆಯವರಿಂದ ಗಂಡು ತಂದು ಜೋಡಿ ಮಾಡಿದ.

ರೇಸಿನವರಲ್ಲಿ ಒಂದು ಪದ್ಧತಿ ಇದೆ. ಹೆಣ್ಣು ಮೊಟ್ಟೆ ಇಟ್ಟು ಕಾವು ಕೂತಿರುವಾಗಲೇ ಅದನ್ನು ಎತ್ತಿ ರೇಸಿಗೆ ಕಳಿಸುತ್ತಾರೆ. ಮೊಟ್ಟೆ ನೆನಪಾಗಿ ಅದು ಎಲ್ಲೂ ನಿಲ್ಲದೆ ಹಾರಿ ಬರುತ್ತದೆ ಅನ್ನುವುದು ಲೆಕ್ಕ. ಯಜಮಾನರೂ ಹಾಗೆ ಮಾಡುತ್ತಿದ್ದರು. ಕ್ರೂರ ಅಂತ ನೀವು ಅನ್ನಬಹುದು. ನಾನೂ ಹಸುಗೂಸನ್ನು ತೊಟ್ಟಿಲಲ್ಲಿ ಬಿಟ್ಟು ಬೇರೆಯವರ ಮನೆಯಲ್ಲಿ ಕಂಡಿಕೆ ಸುತ್ತಿ ಓಡಿ ಬಂದವಳೇ. ನನ್ನನ್ನು ನೋಡಿ ಯಾರೂ ಚಪ್ಪಾಳೆ ತಟ್ಟಲಿಲ್ಲ, ಅಷ್ಟೇ ವ್ಯತ್ಯಾಸ.

ಆ ಸಾರಿ ಕರ್ನೂಲಿನ ಆಚೆ ಒಂದು ಬಯಲಿನಿಂದ ಹಕ್ಕಿ ಬಿಡುವುದು ಅಂತ ತೀರ್ಮಾನವಾಗಿತ್ತು. ಹಿಂದಿನ ದಿನ ಸಂಜೆ ಪಾರಿವಾಳ ರೇಸಿನ ಸಂಘದವರೆಲ್ಲ ಹಕ್ಕಿಗಳ ಬುಟ್ಟಿ ತಂದು ನಮ್ಮ ಮನೆ ಮುಂದೆ ಇಳಿಸಿದರು. ಅಲ್ಲಿಂದ ಟೆಂಪೋ ಹೊರಡುತ್ತದೆ. ಸೂರ್ಯನ ವರದಿ ನೋಡಿ ಹೇಳುವುದು ನನ್ನ ಮಗನ ಕೆಲಸ. ಅದನ್ನು ಅವನಿಗೆ ಯಾರೂ ವಹಿಸಿರಲಿಲ್ಲ. ಅವನೇ ಮೊದಲು ಕಲಿತ, ಎಲ್ಲರೂ ಅವನನ್ನು ಕೇಳತೊಡಗಿದರು. ಯಾವಾಗಲೂ ಅವನು ಆ ದಿನದ ಅಂಕಿ ಒಂದನ್ನೇ ನೋಡುತ್ತಿದ್ದ. ಅವತ್ತು ಅಂಕಿ ದೊಡ್ಡದಿತ್ತು. ಅದಕ್ಕೆ ಹೊತ್ತು ಹೊತ್ತಿನ ಪಟ್ಟಿ ತೆಗೆದ. ಮೂರು ಮೂರು ಗಂಟೆಗೆ ಒಂದು ಚೌಕ, ಪ್ರತಿ ಚೌಕಕ್ಕೂ ಒಂದು ಬಣ್ಣ.

"ನೋಡಿ," ಅಂತ ಎಲ್ಲರಿಗೂ ಕಾಣುವ ಹಾಗೆ ಹಿಡಿದ. "ಮೊನ್ನೆ ಸಿಡಿದವ್ನೆ. ಆ ಗಾಳಿ ಇವತ್ತು ರಾತ್ರಿ ಬಂದು ತಾಕ್ತದೆ. ಹನ್ನೆರಡರಿಂದ ಮೂರರ ತನಕ ಕೆಂಪು. ಆಮೇಲೆ ಹಳದಿ. ಆಮೇಲೆ ಹಸಿರು. ನಾವು ಬಿಡೋದು ಬೆಳಗ್ಗೆ ಆರಕ್ಕೆ. ಅಷ್ಟೊತ್ತಿಗೆ ಎಲ್ಲಾ ತಿಳಿಯಾಗಿರ್ತದೆ."

ಯಜಮಾನರ ಸ್ನೇಹಿತರೊಬ್ಬರಿದ್ದಾರೆ, ಎದುರು ಬೀದಿಯವರು, ಅವರೂ ನೇಯುವವರೇ. ಮಗ ಅವರನ್ನು ಮಾವ ಅನ್ನುತ್ತಾನೆ. ಅವರು ಬುಟ್ಟಿಯ ಮೇಲೆ ಕೈಯಿಟ್ಟುಕೊಂಡು ಕೇಳಿದರು.

"ಒಂದಿನ ತಡೆದ್ರೆ ಏನು ಗಂಟು ಹೋಗ್ತದೋ?"

"ಮಾವ, ಮೊಟ್ಟೆ ಮೇಲಿಂದ ಎತ್ತಿರೋ ಹಕ್ಕಿಗಳವೆ. ಒಂದಿನ ತಡೆದ್ರೆ ಅವಕ್ಕೆ ಮೊಟ್ಟೆ ಮರ್ತೋಗ್ತದೆ."

"ಕೆಂಪು ಅಂದ್ರೆ ಕೆಂಪೇ ಕಣೋ."

"ಅದು ರಾತ್ರಿ ಮಾವ. ರಾತ್ರಿ ಹಕ್ಕಿ ಬುಟ್ಟೀಲಿರ್ತವೆ. ನೀವು ಮೋಡ ನೋಡಿ ಹಕ್ಕಿ ಬಿಟ್ಟ ಕಾಲದೋರು, ನಿಮಗೆ ಮೊಬೈಲು ಕಂಡ್ರೆ ಭಯ."

ಎಲ್ಲರೂ ನಕ್ಕರು. ಅವರೂ ನಕ್ಕರು. ನಾನು ಕಾಫಿ ತಟ್ಟೆ ಹಿಡಿದು ನಿಂತಿದ್ದೆ.

"ಆ ಬಿಳಿಗರೀದನ್ನ ಕಳಿಸ್ಬೇಡ," ಅಂದೆ.

"ಅಪ್ಪ ಇದ್ದಿದ್ರೂ ಕಳಿಸ್ತಿದ್ರು ಅಮ್ಮ."

"ಕಳಿಸ್ತಿದ್ರು. ಅವರೇನು ಮಹಾ ಬುದ್ಧಿವಂತರಾ?"

ಅದಕ್ಕೂ ನಕ್ಕರು. ಮಗ ಮೇಲೆ ಹೋಗಿ ಮೊಟ್ಟೆಯ ಮೇಲಿಂದ ಅದನ್ನು ಎತ್ತಿಕೊಂಡು ಬಂದ. ಅವನ ಕೈಯಲ್ಲಿ ಅದು ಸುಮ್ಮನೆ ಕೂತಿತ್ತು. ಬುಟ್ಟಿಯ ಬಾಗಿಲು ಹಾಕಿದ ಮೇಲೆ ಟೆಂಪೋ ಹೊರಟಿತು.

ಬೆಳಗ್ಗೆ ಆರಕ್ಕೆ ಅಲ್ಲಿಂದ ಫೋನು ಬಂತು, ಬಿಟ್ಟೆವು ಅಂತ. ಇನ್ನೊಂದು ಸಾರಿ ಫೋನು ಬಂದಾಗ ಮಗ ಸ್ಪೀಕರು ಹಾಕಿದ್ದ, ನಾನೂ ಕೇಳಿಸಿಕೊಂಡೆ. ಬಿಟ್ಟವನು ಹೇಳುತ್ತಿದ್ದ: "ಅಣ್ಣ, ಎದ್ದವು. ಆದ್ರೆ ಹೊರಡ್ತಾ ಇಲ್ಲ. ಸುತ್ತುತ್ತಾ ಅವೆ. ಯಾವಾಗ್ಲೂ ಎರಡು ಸುತ್ತು ಹಾಕಿ ದಕ್ಷಿಣಕ್ಕೆ ತಿರುಗ್ತವೆ. ಇವತ್ತು ಬರೀ ಸುತ್ತುತ್ತಾ ಅವೆ. ಒಂದು ಹಿಂಡು ಕಿತ್ಕೊಂಡು ಆ ಕಡೆ ಹೋಯ್ತು."

"ಆ ಕಡೆ ಅಂದ್ರೆ?"

"ಸೂರ್ಯ ಹುಟ್ಟೋ ಕಡೆ."

ಅವತ್ತಿನ ಆಕಾಶ ನನಗೆ ಮರೆಯುವುದಿಲ್ಲ. ಒಂದು ಚೂರು ಮೋಡವಿಲ್ಲ. ತೊಳೆದು ಒಣಗಿಸಿದ ಬಟ್ಟೆಯ ಹಾಗೆ ನೀಲಿ. ಗಾಳಿಯೂ ಇಲ್ಲ. ಬಿಸಿಲು ನಮ್ಮ ತಾರಸಿಯ ಮೇಲೆ, ಪಕ್ಕದವರ ತಾರಸಿಯ ಮೇಲೆ, ಒಣಹಾಕಿದ್ದ ಮೆಣಸಿನಕಾಯಿಯ ಮೇಲೆ ದಿನಾ ಬೀಳುವ ಹಾಗೇ ಬೀಳುತ್ತಿತ್ತು. ಹಕ್ಕಿಗಳಿಗೆ ಇದಕ್ಕಿಂತ ಒಳ್ಳೆಯ ದಿನ ಬೇಕಾ ಅನ್ನುವಂಥ ದಿನ. ಮಧ್ಯಾಹ್ನದ ಹೊತ್ತಿಗೆ ಬರಬೇಕಿತ್ತು. ಮಗ ಕಾಳಿನ ಡಬ್ಬ ಅಲ್ಲಾಡಿಸುತ್ತಾ ಉತ್ತರಕ್ಕೆ ಮುಖ ಮಾಡಿ ನಿಂತಿದ್ದ. ಡಬ್ಬದ ಸದ್ದಿಗೆ ಅವು ಇಳಿಯುವುದು ವಾಡಿಕೆ. ಊಟಕ್ಕೆ ಕರೆದೆ, ಬರಲಿಲ್ಲ. ಬಿಸಿಲು ಇಳಿಯುವ ತನಕ ಆ ಡಬ್ಬದ ಸದ್ದು ಕೇಳುತ್ತಲೇ ಇತ್ತು. ಆಕಾಶದಲ್ಲಿ ಒಂದು ಗದ್ದಲವಿಲ್ಲ, ಒಂದು ಚುಕ್ಕೆಯಿಲ್ಲ. ಎಷ್ಟೊಂದು ಹಕ್ಕಿ ಅದರೊಳಗೆ ಎಲ್ಲಿ ಹೋದವು ಅಂತ ನೋಡುತ್ತಾ ನೋಡುತ್ತಾ ನಾನೂ ನಿಂತೆ. ನೀಲಿಯನ್ನು ಕಂಡು ಹೆದರಿದ್ದು ನನ್ನ ಜನ್ಮದಲ್ಲಿ ಅದೇ ಮೊದಲು.

ಸಂಜೆ ಇಳಿದವು. ಎರಡು ಹಕ್ಕಿ ಬಂದು ತಾರಸಿಯ ಗೋಡೆಯ ಮೇಲೆ ಕೂತವು. ಮಗ ಓಡಿದ. ಹತ್ತಿರ ಹೋಗಿ ನಿಂತುಬಿಟ್ಟ. ನಮ್ಮವಲ್ಲ. ಕಾಲಿನ ರಿಂಗಿನ ಮೇಲಿನ ನಂಬರು ಬೇರೆ ಊರಿನವರದ್ದು. ಅವರೂ ಅದೇ ದಿನ ಎಲ್ಲಿಂದಲೋ ಬಿಟ್ಟಿದ್ದರು, ಅವು ಎಲ್ಲಿಗೋ ಹೋಗಬೇಕಾದವು ನಮ್ಮ ಮನೆಗೆ ಬಂದಿದ್ದವು. ಬಾಯಿ ತೆರೆದುಕೊಂಡು ಏದುಸಿರು ಬಿಡುತ್ತಿದ್ದವು. ಒಳಗೆ ಹೋಗಿ ನಮ್ಮ ಹಕ್ಕಿಗಳ ಜಾಗದಲ್ಲಿ ಕೂತವು, ಅದು ತಮ್ಮದೇ ಅನ್ನುವ ಹಾಗೆ.

ಆಮೇಲಿನ ದಿನಗಳಲ್ಲಿ ನಮ್ಮದೇ ಕೆಲವು ಹಕ್ಕಿಗಳು ಒಂದೊಂದಾಗಿ ಬಂದವು. ಒಂದಕ್ಕೆ ಕಾಲು ಮುರಿದಿತ್ತು. ಬಿಳಿಗರಿಯದು ಬರಲಿಲ್ಲ. ಸಂಘದ ಬೇರೆಯವರ ಮನೆಯಲ್ಲೂ ಹಾಗೆ. ಸುಮಾರು ಗೂಡು ಬರಿದಾದವು.

ಮಗನಿಗೆ ಇದು ಯಾಕೆ ಹೀಗಾಯಿತು ಅಂತ ತಿಳಿಯಲಿಲ್ಲ. ವರದಿ ತಪ್ಪಾಯಿತು, ಸೂರ್ಯನನ್ನು ನೋಡುವವರು ತಪ್ಪು ಹೇಳಿದರು ಅಂತ ಎಲ್ಲರಿಗೂ ಹೇಳಿಕೊಂಡು ತಿರುಗಿದ. ಒಂದು ಸಂಜೆ ನನ್ನ ಸೊಸೆ ಕೆಲಸದಿಂದ ಬಂದು ಅವನ ಪಕ್ಕ ಕೂತಳು. ಅವಳು ದೇವನಹಳ್ಳಿ ಏರ್‌ಪೋರ್ಟಿನಲ್ಲಿ, ಸರಕು ಹೋಗಿ ಬರುವ ಕಡೆ ಕೆಲಸ ಮಾಡುತ್ತಾಳೆ. ಅವನು ಹಳೆಯ ಪಟ್ಟಿ ತೆಗೆದು ಅವಳಿಗೆ ತೋರಿಸಿದ, ನೋಡು ಹೇಗೆ ಮೋಸ ಮಾಡಿದ್ದಾರೆ ಅಂತ. ಅವಳು ನೋಡಿದಳು.

"ರೀ, ಇದು ನಮ್ಮ ಟೈಮಲ್ಲ."

"ಅಂದ್ರೆ?"

"ನಮ್ಮ ವಿಮಾನದ ಪೇಪರಲ್ಲೂ ಹಿಂಗೇ ಬರಿತಾರೆ. ಎಲ್ಲಾ ದೇಶಕ್ಕೂ ಒಂದೇ ಟೈಮು ಅಂತ. ನಮ್ಮದು ಬೇಕಂದ್ರೆ ಐದೂವರೆ ಗಂಟೆ ಕೂಡಿಸ್ಬೇಕು."

ಕೂಡಿಸಿದರು. ನಾನು ಅಲ್ಲೇ ಅವರೆಕಾಳು ಸುಲಿಯುತ್ತಿದ್ದೆ. ನನಗೂ ಅಷ್ಟು ಲೆಕ್ಕ ಬರುತ್ತದೆ. ಹನ್ನೆರಡರಿಂದ ಮೂರು ಅಂದರೆ ನಮಗೆ ಬೆಳಗಿನ ಐದೂವರೆಯಿಂದ ಎಂಟೂವರೆ. ಹಕ್ಕಿಗಳನ್ನು ಬಿಟ್ಟದ್ದು ಆರಕ್ಕೆ. ಕೆಂಪು ಚೌಕದ ಹೊಟ್ಟೆಯೊಳಕ್ಕೇ ಬಿಟ್ಟಿದ್ದರು.

ಸೂರ್ಯನನ್ನು ನೋಡುವವರು ಸರಿಯಾಗಿಯೇ ಹೇಳಿದ್ದರು.

ಸೊಸೆ ಏನೋ ಸಮಾಧಾನ ಹೇಳಲು ಹೋದಳು. ಮಗ ಎದ್ದು ಮಗ್ಗದ ಮನೆಗೆ ಹೋದ. ಸ್ವಲ್ಪ ಹೊತ್ತಿಗೆ ಎಲ್ಲ ಮಗ್ಗಗಳ ಸದ್ದು ಶುರುವಾಯಿತು. ಸಾಮಾನ್ಯವಾಗಿ ಆ ಹೊತ್ತಿಗೆ ನಿಲ್ಲಿಸುತ್ತಾನೆ.

ಸಂಘದವರಿಗೆ ಅವನೇ ಹೋಗಿ ಹೇಳಿದ. ಅವರು ಮನೆಗೆ ಬಂದರು. ಬೈದಿದ್ದರೆ ಚೆನ್ನಾಗಿತ್ತು. ಕುರ್ಚಿಯಲ್ಲಿ ಕೂತು ನೆಲ ನೋಡಿದರು. ಒಬ್ಬ ಮಾತ್ರ, "ಇನ್ಮೇಲೆ ಸೂರ್ಯನ್ನ ನಮ್ಮಪ್ಪಂದಿರು ನೋಡ್ದಂಗೆ ನೋಡಾಣ ಗುರು, ಬರಿಗಣ್ಣಲ್ಲಿ," ಅಂದ. ಯಾರೂ ನಗಲಿಲ್ಲ. ಎದುರು ಬೀದಿಯ ಆ ಸ್ನೇಹಿತರು ಮಗನ ಹೆಗಲ ಮೇಲೆ ಕೈಯಿಟ್ಟರು.

"ನಾವೂ ನೋಡಿದ್ವಿ ಕಣೋ ಆ ಚೌಕಾನ. ನಿನ್ನ ಕಣ್ಣೊಂದೇ ಅಲ್ಲ."

ಹೊರಡುವಾಗ ನನ್ನ ಕಡೆ ತಿರುಗಿ ಮೆಲ್ಲಗೆ ಅಂದರು: "ಅತ್ತಿಗೆ, ಇವನ ಕಡೆ ಸ್ವಲ್ಪ ನಿಗಾ ಇರ್ಲಿ."

ಅವತ್ತಿನಿಂದ ಮಗ ಗೂಡಿನ ಬಾಗಿಲು ಹಾಕುವುದನ್ನು ಬಿಟ್ಟ. ಹಾರಿ ಬಂದ ಹಕ್ಕಿ ಒಳಗೆ ಬರಲು ಮುಂದೆ ಒಂದು ಕಿಂಡಿ, ಕಿಂಡಿಯ ಹೊರಗೆ ಕಾಲೂರಲು ಒಂದು ಹಲಗೆ, ಕಿಂಡಿಗೆ ಮೇಲಿಂದ ಇಳಿಸುವ ಒಂದು ಹಲಗೆಯ ಬಾಗಿಲು. ಕತ್ತಲಾಗುವ ಮೊದಲು ಅದನ್ನು ಇಳಿಸಿ ಚಿಲಕ ಹಾಕಬೇಕು. ಈಗ ಅದು ಹಗಲೂ ರಾತ್ರಿ ತೆರೆದೇ ಇರುತ್ತಿತ್ತು. ತಡವಾಗಿ ಬಂದರೆ ಹೊರಗೆ ನಿಲ್ಲಬಾರದು ಅಂತ.

ಬಿಳಿಗರಿಯದು ಇಟ್ಟ ಎರಡು ಮೊಟ್ಟೆ ಅಲ್ಲೇ ಇದ್ದವು. ಪಾರಿವಾಳದಲ್ಲಿ ಕಾವು ಕೂರುವುದಕ್ಕೂ ಪಾಳಿ ಇದೆ. ನಮ್ಮ ಮಗ್ಗದ ಪಾಳಿಯ ಹಾಗೇ. ಹಗಲು ಗಂಡಿನದು, ಸಂಜೆಯಿಂದ ಬೆಳಗಿನ ತನಕ ಹೆಣ್ಣಿನದು. ಬಿಳಿಗರಿಯದಕ್ಕೆ ಜೋಡಿ ಮಾಡಿದ್ದ ಗಂಡು ತನ್ನ ಪಾಳಿ ಕೂತು, ಬಿಸಿಲು ಇಳಿದಾಗ ಎದ್ದು ಕಿಂಡಿಯ ಹತ್ತಿರ ಬರುತ್ತಿತ್ತು. ಅಲ್ಲಿ ನಿಂತು ನೋಡುತ್ತಿತ್ತು. ಅದಕ್ಕೆ ಬಿಡುಗಡೆ ಕೊಡಬೇಕಾದವಳು ಬರುತ್ತಿರಲಿಲ್ಲ. ಹೊತ್ತು ಕಳೆದ ಮೇಲೆ ತಿರುಗಿ ಹೋಗಿ ಮೊಟ್ಟೆಯ ಮೇಲೆ ಕೂರುತ್ತಿತ್ತು. ದಿನಾ ಅದೇ. ನಾನು ನೀರಿಡಲು ಹೋದಾಗ ನೋಡಿದ್ದೇನೆ. ಅದು ಕಿಂಡಿಗೆ ಬಂದಾಗ ಬೇರೆ ಹಕ್ಕಿಗಳು ದಾರಿ ಬಿಟ್ಟು ಸರಿಯುತ್ತಿದ್ದವು. ಆ ದಾರಿ ಯಾರಿಗೆ ಬಿಟ್ಟದ್ದೋ.

ಅಂತೂ ಎರಡೂ ಮೊಟ್ಟೆ ಒಡೆದು ಮರಿಯಾದವು. ಗಂಡು ಒಂದೇ ಸಾಕತೊಡಗಿತು.

ದೆವ್ವ ಪಿಶಾಚಿ ಅಂತ ನಾನು ಯಾವತ್ತೂ ತಲೆ ಕೆಡಿಸಿಕೊಂಡವಳಲ್ಲ. ಆದರೂ ಇದನ್ನು ಬರೆಯುತ್ತೇನೆ. ಮಗ್ಗ ಓಡುವಾಗ ನಮ್ಮ ಮನೆಯಲ್ಲಿ ಪಕ್ಕದಲ್ಲಿ ಕೂತವರ ಮಾತೂ ಕೇಳುವುದಿಲ್ಲ. ಕರೆಂಟು ಹೋದರೆ ಎಲ್ಲ ಒಟ್ಟಿಗೆ ನಿಂತುಬಿಡುತ್ತದೆ. ಬೀದಿಯ ಮಗ್ಗಗಳೆಲ್ಲ ನಿಲ್ಲುತ್ತವೆ. ಆ ಹೊತ್ತಿನಲ್ಲಿ ತಾರಸಿಯ ಮೇಲೆ ಒಂದು ಹಕ್ಕಿ ಇಳಿದ ಸದ್ದು ಕೇಳುತ್ತಿತ್ತು. ರೆಕ್ಕೆ ಎರಡು ಸಾರಿ ಬಡಿದು, ಕಾಲು ಊರಿದ ಸದ್ದು. ಮಗ ಮೆಟ್ಟಿಲು ಹತ್ತುತ್ತಿದ್ದ. ನೋಡಿ ಇಳಿದು ಬರುತ್ತಿದ್ದ. ಮೊದಲು ಅವನಿಗೆ ಮಾತ್ರ ಕೇಳುತ್ತದೆ ಅಂದುಕೊಂಡಿದ್ದೆ. ಆಮೇಲೆ ಅವನು ಏಳುವುದಕ್ಕಿಂತ ಮುಂಚೆ ನನ್ನ ಕತ್ತು ಮೇಲಕ್ಕೆ ತಿರುಗತೊಡಗಿತು. ಸೊಸೆ ರಜೆಯ ದಿನ ಮನೆಯಲ್ಲಿದ್ದಾಗ ಕರೆಂಟು ಹೋಯಿತು. ಮೂವರೂ ಒಟ್ಟಿಗೆ ಮೇಲೆ ನೋಡಿದೆವು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಫೋನಿನದೂ ಅದೇ ಕಥೆ. ಬೇರೆಯವರ ಹಕ್ಕಿ ನಮ್ಮ ಮನೆಗೆ ಬಂದ ಹಾಗೆ ನಮ್ಮದು ಬೇರೆಯವರ ಮನೆಗೆ ಹೋಗಿರಬಹುದಲ್ಲ. ಕಾಲಿನ ರಿಂಗು ನೋಡಿ ಯಾರಾದರೂ ಫೋನು ಮಾಡುತ್ತಾರೆ ಅಂತ ಮಗ ಗುರುತಿಲ್ಲದ ನಂಬರು ಬಂದರೆ ಮಗ್ಗ ನಿಲ್ಲಿಸಿ ಎತ್ತುತ್ತಿದ್ದ. ಅದು ಸಾಲ ಬೇಕಾ ಅಂತ ಕೇಳುವ ಹುಡುಗಿಯರದ್ದು. ನಮ್ಮಲ್ಲಿಗೆ ಬಂದ ಎರಡರ ಮಾಲೀಕರನ್ನು ಅವನು ಹುಡುಕಿ ಫೋನು ಮಾಡಿದ. ಒಬ್ಬರು ಬಂದು ತೆಗೆದುಕೊಂಡು ಹೋದರು. ಇನ್ನೊಬ್ಬರು ಹೊಸೂರಿನ ಆಚೆಯವರು, ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಮಾತಾಡಿದರು.

"ದಾರಿ ತಪ್ಪಿದ ಹಕ್ಕಿ ನಮಗೆ ಬೇಡ ಸಾರ್. ಅದು ಮತ್ತೆ ತಪ್ತದೆ. ನೀವೇ ಇಟ್ಕೊಳಿ, ಇಲ್ಲ ಬಿಟ್ಬಿಡಿ."

ಮಗ ಫೋನು ಇಟ್ಟು ಆ ಹಕ್ಕಿಗೆ ಕಾಳು ಹಾಕಿದ.

ಸೂರ್ಯನ ವರದಿ ನೋಡುವುದನ್ನು ಅವನು ಬಿಡುತ್ತಾನೆ ಅಂದುಕೊಂಡಿದ್ದೆ. ಜಾಸ್ತಿಯಾಯಿತು. ಬೆಳಗ್ಗೆ, ಮಧ್ಯಾಹ್ನ, ಊಟ ಮಾಡುತ್ತಾ, ನೋಡುತ್ತಲೇ ಇರುತ್ತಿದ್ದ. ಸೂರ್ಯನ ಫೋಟೋವೂ ದಿನಾ ಬರುತ್ತದೆ. ಅವನು ಅದರಲ್ಲಿ ಒಂದು ಕಲೆಯನ್ನು ಬೆರಳಿಟ್ಟು ತೋರಿಸಿದ್ದ, ಸಿಡಿದದ್ದು ಇದೇ ಅಂತ. ಹಾಸಿಗೆಯ ಮೇಲೆ ಬಿದ್ದ ಎಣ್ಣೆಯ ಕಲೆಯ ಹಾಗಿತ್ತು. ದಿನ ಕಳೆದ ಹಾಗೆ ಅದು ಅಂಚಿಗೆ ಸರಿದು ಕಾಣೆಯಾಯಿತು.

"ಹೋಯ್ತಲ್ಲ," ಅಂದೆ.

"ಎಲ್ಲಿಗೂ ಹೋಗಲ್ಲ ಅಮ್ಮ. ಹಿಂದುಗಡೆ ಇರ್ತದೆ. ಸೂರ್ಯನೂ ತಿರುಗ್ತಾನೆ. ಒಂದು ಸುತ್ತಿಗೆ ತಿಂಗಳಿಗೆ ಸ್ವಲ್ಪ ಕಮ್ಮಿ. ಅದು ಸಾಯದೆ ಇದ್ರೆ ಇನ್ನೊಂದು ಅಂಚಿಂದ ಬರ್ತದೆ, ಮತ್ತೆ ನಮ್ಮ ಕಡೆ ನೋಡ್ತದೆ."

ಅದು ನನಗೆ ಬೇಡದ ಮಾತಾಗಿತ್ತು. ಕಂಡಿಕೆ ಸುತ್ತುವಾಗ, ಅನ್ನ ಬಸಿಯುವಾಗ, ಸೂರ್ಯನ ಬೆನ್ನಿನ ಹಿಂದೆ ಅದು ತಿರುಗಿ ಬರುತ್ತಿರುವುದು ತಲೆಯಲ್ಲಿ ಬರುತ್ತಿತ್ತು. ಬಿಸಿಲಿನಲ್ಲಿ ಹಪ್ಪಳ ಹಾಕುವುದನ್ನೂ ಮುಂದಕ್ಕೆ ಹಾಕಿದೆ. ಹಪ್ಪಳಕ್ಕೆ ಏನೂ ಆಗುವುದಿಲ್ಲ ಅಂತ ನನಗೆ ಗೊತ್ತಿತ್ತು.

ಅದು ತಿರುಗಿ ಬಂತು. ಒಂದು ಬೆಳಗ್ಗೆ ಮಗ ಫೋಟೋ ತೋರಿಸಿದ. ಎಡಗಡೆಯ ಅಂಚಿನಲ್ಲಿ, ಮೊದಲಿಗಿಂತ ಸಣ್ಣದಾಗಿ, ಅದೇ. ಅವತ್ತು ಅವನು ಹಕ್ಕಿಗಳನ್ನು ಆಡಲೂ ಹೊರಗೆ ಬಿಡಲಿಲ್ಲ. ಆದರೆ ಕಿಂಡಿಯ ಬಾಗಿಲು ಮಾತ್ರ ತೆರೆದೇ ಇಟ್ಟ, ಒಂದು ಬಲೆ ಕಟ್ಟಿ ಒಳಗಿನವು ಹೋಗದ ಹಾಗೆ ಮಾಡಿ, ಹೊರಗಿನದು ಬರುವಷ್ಟು ಜಾಗ ಬಿಟ್ಟ. ಹಕ್ಕಿ ಬರುವಷ್ಟು ಜಾಗದಲ್ಲಿ ಬೆಕ್ಕೂ ಬರುತ್ತದೆ.

ಆ ವಾರವೇ ಬಂತು. ಬೆಳಗ್ಗೆ ನೀರು ತೆಗೆದುಕೊಂಡು ಹತ್ತಿದೆ. ಹಕ್ಕಿಗಳೆಲ್ಲ ಮೇಲಿನ ಸಾಲಿನಲ್ಲಿ ಒತ್ತಿಕೊಂಡು ಕೂತಿದ್ದವು, ಒಂದೂ ಗುಟುರು ಹಾಕಲಿಲ್ಲ. ಮರಿಗಳ ಮಣ್ಣಿನ ಬಟ್ಟಲಲ್ಲಿ ಒಂದೇ ಇತ್ತು. ಇನ್ನೊಂದರ ರೆಕ್ಕೆ ಕಿಂಡಿಯ ಹತ್ತಿರ ಬಿದ್ದಿತ್ತು. ಉಳಿದ ಮರಿಯ ಮೇಲೆ ಗಂಡು ಕೂತಿತ್ತು. ಅದರ ಬೆನ್ನಿನ ಪುಕ್ಕ ಕಿತ್ತು ಹೋಗಿತ್ತು. ಹದಿನೆಂಟು ಇಪ್ಪತ್ತು ದಿನದ ಮರಿಯನ್ನು ಯಾವ ಪಾರಿವಾಳವೂ ಮುಚ್ಚಿಕೊಂಡು ಕೂರುವುದಿಲ್ಲ. ಇದು ಕೂತಿತ್ತು.

ಆ ರೆಕ್ಕೆಯನ್ನು ಗುಡಿಸಿ ತೆಗೆದೆ. ಮಗನಿಗೆ ಹೇಳಿದೆ. ಅವನು ಬಂದು ನೋಡಿ, ಉಳಿದ ಮರಿಯನ್ನು ಎತ್ತಿ ರೆಕ್ಕೆ ಬಿಡಿಸಿದ. ಬಲ ರೆಕ್ಕೆಯಲ್ಲಿ ಆಗ ತಾನೇ ಒಡೆಯುತ್ತಿದ್ದ ಗರಿಗಳಲ್ಲಿ ಒಂದು ಬಿಳಿ.

"ಇವತ್ತು ಬಲೆ ಸರಿ ಮಾಡ್ತೀನಿ," ಅಂದ.

"ಬಲೆ ಬೇಡ. ಬಾಗಿಲು ಹಾಕು."

ಅವನು ಹಾಕಲಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ನಾನೇ ಮೇಲೆ ಹತ್ತಿದೆ. ಬಾಗಿಲಿನ ಹಗ್ಗ ಬಿಚ್ಚಿ ಹಲಗೆ ಇಳಿಸಿದೆ. ಇಷ್ಟು ದಿನ ಮೇಲೇ ಇದ್ದು ಬಿಗಿದಿತ್ತು, ಒತ್ತಿ ಇಳಿಸಬೇಕಾಯಿತು. ಚಿಲಕ ಹಾಕುವಾಗ ಮಗ ಬಂದು ಹಿಂದೆ ನಿಂತ.

"ತೆಗಿ ಅಮ್ಮ."

"ತೆಗಿಯಲ್ಲ."

"ಇವತ್ತೇ ಬಂದ್ರೆ?"

"ಬಂದ್ರೆ ಬೆಳಗ್ಗೆ ತನಕ ಹೊರಗಿನ ಹಲಗೆ ಮೇಲೆ ಕೂತಿರ್ಲಿ. ಬೆಳಗ್ಗೆ ತೆಗೀತೀವಿ."

"ಬೆಕ್ಕು ಹೊರಗೂ ಇರ್ತದಲ್ಲಮ್ಮ."

ಚಿಲಕ ಒತ್ತಿ ಹಾಕಿದೆ.

"ಇರ್ತದೆ," ಅಂದೆ. "ಒಳಗೊಂದು ಮರಿ ಇದೆ. ಅದು ಕಾಣ್ತಾ ಇದೆ. ಅದರ ತಾಯಿ ಕಾಣ್ತಾ ಇಲ್ಲ. ನನಗೆ ಇಷ್ಟೇ ಗೊತ್ತಿರೋದು."

"ಅದು ಮೊಟ್ಟೆಗೋಸ್ಕರ ಹಾರ್ತಾ ಇರ್ಬೋದು ಇನ್ನೂ."

"ಅದರ ಮೊಟ್ಟೇನ ಬೆಕ್ಕಿಗೆ ಕೊಟ್ಟು ಅದಕ್ಕೆ ಬಾಗಿಲು ತೆಗೀತೀಯ?"

ಕಟುವಾಗಿ ಅಂದೆ. ಮೆತ್ತಗೆ ಹೇಳುವುದು ನನಗೆ ಬರುವುದಿಲ್ಲ. ಅವನು ಗೋಡೆಯ ಕಡೆ ಹೋಗಿ ಉತ್ತರಕ್ಕೆ ನೋಡುತ್ತಾ ನಿಂತ. ಆಕಾಶದಲ್ಲಿ ಇನ್ನೂ ಸ್ವಲ್ಪ ಬೆಳಕಿತ್ತು. ಬೀದಿಯ ಮಗ್ಗಗಳು ಓಡುತ್ತಿದ್ದವು, ಹಾಗಾಗಿ ಏನೂ ಕೇಳುತ್ತಿರಲಿಲ್ಲ. ನಾನು ಕೆಳಗಿಳಿದೆ.

ಬೆಳಗ್ಗೆ ಅವನಿಗಿಂತ ಮುಂಚೆ ಹತ್ತಿದೆ. ಕಿಂಡಿಯ ಹೊರಗಿನ ಹಲಗೆಯ ಮೇಲೆ ಹಿಕ್ಕೆ ಬಿದ್ದಿತ್ತು, ಇನ್ನೂ ಹಸಿ. ಪಕ್ಕದಲ್ಲಿ ಮೂರು ನಾಲ್ಕು ಗರಿ. ರಕ್ತ ಇರಲಿಲ್ಲ. ಗರಿ ಬೂದು. ಎಲ್ಲ ಪಾರಿವಾಳದ ಗರಿಯೂ ಬೂದೇ. ನಮ್ಮ ಬೀದಿಯಲ್ಲಿ ಕಾಡು ಪಾರಿವಾಳಗಳು ಬೇಕಾದಷ್ಟಿವೆ, ಕರೆಂಟು ಕಂಬದ ಮೇಲೆ, ಅಂಗಡಿಯ ಬೋರ್ಡಿನ ಹಿಂದೆ. ಗುಡಿಸಿಬಿಡಬಹುದಿತ್ತು. ಗುಡಿಸಲಿಲ್ಲ. ಮಗನನ್ನು ಕರೆದೆ.

ಅವನು ಕೂತು ಒಂದೊಂದೇ ಗರಿ ಎತ್ತಿ ಬೆಳಕಿಗೆ ಹಿಡಿದು ನೋಡಿದ. ಬಿಳಿ ಇರಲಿಲ್ಲ. ಬಿಳಿ ಇಲ್ಲದ್ದು ಒಳ್ಳೆಯದೋ ಕೆಟ್ಟದ್ದೋ ಅವನಿಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ.

"ಬೀದಿ ಪಾರಿವಾಳ ಇರ್ಬೇಕು," ಅಂದ.

"ಇರ್ಬೇಕು."

"ಬೆಕ್ಕು ಹಿಡಿದಿಲ್ಲ. ಹಿಡಿದಿದ್ರೆ ರಕ್ತ ಇರೋದು. ಹೆದರಿ ಹಾರಿ ಹೋಗಿದೆ."

"ಎತ್ಲಾಗೆ?" ಅಂತ ಕೇಳಿಬಿಟ್ಟೆ. ಕೇಳಬಾರದಿತ್ತು.

ಅವನು ಚಿಲಕ ತೆಗೆದು ಒಳಗೆ ಹೋಗಿ ಮರಿಗೆ ಕಾಳು ತಿನ್ನಿಸಿದ. ಗಂಡು ಹಕ್ಕಿ ಅವನ ಕೈಗೆ ಕುಕ್ಕಿತು, ಅವನು ಕೈ ತೆಗೆಯಲಿಲ್ಲ. ಅವತ್ತು ಸಂಜೆ ನಾನು ಮೆಟ್ಟಿಲ ಹತ್ತಿರ ಬರುವ ಮುಂಚೆ ಅವನೇ ಹತ್ತಿ ಹೋಗಿದ್ದ. ಹಲಗೆ ಇಳಿದ ಸದ್ದು ಕೇಳಿತು.

ಆ ಮರಿ ಈಗ ದೊಡ್ಡದಾಗಿದೆ. ಬಿಳಿ ಗರಿ ಪೂರ್ತಿ ಬಂದಿದೆ. ಅದನ್ನು ರೇಸಿಗೆ ಕಳಿಸುವುದಿಲ್ಲ ಅಂತ ಮಗ ಹೇಳಿದ್ದಾನೆ. ಮನೆ ಸುತ್ತ ಹಾರಲು ಬಿಡುತ್ತಾನೆ, ಅದೂ ವರದಿ ನೋಡಿ, ಐದೂವರೆ ಗಂಟೆ ಕೂಡಿಸಿ, ಒಂದು ಸಾರಿ ಅವನು ಕೂಡಿಸಿ, ಇನ್ನೊಂದು ಸಾರಿ ಸೊಸೆಯ ಕೈಯಲ್ಲಿ ಕೂಡಿಸಿ. ಸಂಘದವರು ಈಗಲೂ ಅವನನ್ನೇ ಕೇಳುತ್ತಾರೆ. ಅವನು ಹೇಳುತ್ತಾನೆ, ಹೇಳುವಾಗ ಧ್ವನಿ ಸಣ್ಣದಾಗುತ್ತದೆ. ಕರೆಂಟು ಹೋದಾಗ ತಾರಸಿಯ ಮೇಲಿನ ಸದ್ದು ಈಗಲೂ ಆಗುತ್ತದೆ. ಏಳುವುದನ್ನು ಬಿಟ್ಟಿದ್ದೇವೆ.

ಸಂಜೆ ಬಾಗಿಲು ಹಾಕುವುದು ಅವನದೇ ಕೆಲಸ. ಕೆಳಗೆ ಒಲೆಯ ಮುಂದೆ ಕೂತ ನನಗೆ ಹಲಗೆ ಇಳಿಯುವುದು ಕೇಳುತ್ತದೆ. ಅದರ ಹಿಂದೆಯೇ ಚಿಲಕ ಬೀಳಬೇಕು. ಬೀಳುವುದಿಲ್ಲ. ಅವನು ಅಲ್ಲಿ ಕೈ ಇಟ್ಟುಕೊಂಡು ನಿಂತಿರುತ್ತಾನೆ. ಕೆಲವು ದಿನ ಸಾರು ಕುದಿಯುವಷ್ಟು ಹೊತ್ತು, ಕೆಲವು ದಿನ ಅದಕ್ಕಿಂತ ಜಾಸ್ತಿ. ನಾನು ಕೂಗಿ ಕರೆಯುವುದಿಲ್ಲ. ಚಿಲಕ ಬಿದ್ದ ಮೇಲೆ ತಟ್ಟೆ ಹಾಕುತ್ತೇನೆ.